ಗಂಡು ತೆಗೆದ ಪೀಚ್ ಗಿಡ

ಕರ್ಜಗಿಯ ದೇವವ್ವನಿಗೆ ಸುಮ್ಮನೆ ಕೂರುವುದು ಗೊತ್ತಿಲ್ಲ. ಇಪ್ಪತ್ತೆರಡು ವರ್ಷ ಬೀಜದ ಪ್ಲಾಟುಗಳಲ್ಲಿ ಕ್ರಾಸಿಂಗ್ ಮಾಡಿದ ಕೈ ಅದು. ಸಂಜೆ ಬೆಂಡೆಯ ಮೊಗ್ಗನ್ನು ಹೆಬ್ಬೆರಳ ಉಗುರಿನಿಂದ ಸೀಳಿ ಒಳಗಿನ ಕೇಸರ ಕಿತ್ತೊಗೆಯಬೇಕು, ಬೆಳಿಗ್ಗೆ ಬೇರೆ ಸಾಲಿನ ಗಂಡು ಹೂ ತಂದು ಸವರಬೇಕು. ಸಂಜೆಯ ಕೆಲಸಕ್ಕೆ ‘ಗಂಡು ತೆಗೆಯುವುದು’ ಎನ್ನುತ್ತಾರೆ. ಮನೆಗೆ ಬಂದರೂ ಆ ಬೆರಳುಗಳು ಸೆರಗಿನ ದಾರವನ್ನಾದರೂ ಕೀಳುತ್ತಿರುತ್ತವೆ. ಪಕ್ಕದ ಮನೆಯವಳಾದ ನನಗೆ ಅವಳ ಜೊತೆ ಚಹಾ ಕುಡಿದರೆ ತಲೆ ಚಿಟ್ಟು ಹಿಡಿಯುತ್ತದೆ.

ಇಂಥವಳು ರಾಣೆಬೆನ್ನೂರಿನ ಜಹೀರನ ನರ್ಸರಿಯಿಂದ ಪೀಚ್ ಸಸಿ ತಂದು ಹಿತ್ತಲಲ್ಲಿ ನೆಟ್ಟಳು. ಚಳಿ ಕಡಿಮೆಯಿದ್ದರೂ ಹಣ್ಣು ಬಿಡುವ ತಳಿಯಂತೆ. ಮೂರು ವರ್ಷ ಬರೀ ಎಲೆ. ಗಂಡ ಲಕ್ಕಪ್ಪನಿಗೆ ಆ ಜಾಗದಲ್ಲಿ ಎಮ್ಮೆಗೊಂದು ತಗಡಿನ ಶೆಡ್ಡು ಬೇಕಿತ್ತು.

“ಈ ಸಲ ಕಾಯಿ ಹಿಡೀಲಿಲ್ಲಂದ್ರ ಯುಗಾದಿಗೆ ಕಡದ ಬಿಡಾಂವ ನಾ” ಎಂದ.

ದೇವವ್ವ ಜಹೀರನ ಹತ್ತಿರ ಓಡಿದಳು.

“ದಿನಾ ನೀರ ಹಾಕ್ತೀರೇನ ಅಕ್ಕಾರ?”

“ಎರಡೂ ಹೊತ್ತ ಹಾಕ್ತೇನಿ.”

“ಅದಕ್ಕ ಮತ್ತ! ಚಳಿಗಾಲದಾಗ ಮಲಗಿ ಎದ್ರಷ್ಟ ಈ ಗಿಡ ಹೂ ಬಿಡೂದು. ನಮ್ಮ ಬಿಸಿಲಾಗ ಅದು ತಾನಾಗೇ ಮಲಗಂಗಿಲ್ಲ, ನಾವ ಮಲಗಿಸಬೇಕ. ದೀಪಾವಳಿ ಆದಮ್ಯಾಲೆ ನೀರ ಬಂದ್ ಮಾಡ್ರಿ, ಎಲಿ ಎಲ್ಲಾ ಕಿತ್ತ ಒಗೀರಿ. ಆಮ್ಯಾಲೆ ಒಂದೂವರಿ ತಿಂಗಳ ಅದರ ಗೊಡವಿಗೆ ಹೋಗಬ್ಯಾಡ್ರಿ.”

ಎಲೆ ಕೀಳುವುದು ಅರ್ಧ ತಾಸಿನಲ್ಲಿ ಮುಗಿಯಿತು. ಸುಮ್ಮನಿರುವುದು ಮುಗಿಯಲೇ ಇಲ್ಲ. ಕೊಡ ಹಿಡಿದು ಗಿಡದವರೆಗೆ ಹೋಗುವಳು, ಹಾಗೇ ತಿರುಗಿ ಬರುವಳು. ತೊಗಟೆ ಕೆರೆದು ಒಳಗೆ ಹಸಿರಿದೆಯೇ ನೋಡುವಳು. “ಇದು ಸತ್ತಿಲ್ಲಲ್ಲ?” ಎಂದು ದಿನಕ್ಕೆ ಮೂರು ಸಲ ಕೇಳಿದರೆ ನಾನೇನು ಗಿಡದ ಡಾಕ್ಟರೇ?

ಸಂಕ್ರಾಂತಿ ಸುಮಾರಿಗೆ ಬೋಳು ಟೊಂಗೆಗಳಲ್ಲಿ ಗುಲಾಬಿ ಬಣ್ಣದ ಮೊಗ್ಗು ತುಂಬಿದವು. ಸಂಜೆ ಗಿಡದ ಬಳಿ ನಿಂತು, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಬ್ಯಾಡಗಿಯ ತಂಗಿ ಮಂಗಳವ್ವನಿಗೆ ಸುದ್ದಿ ಹೇಳಿದಳು. ಲಕ್ಕಪ್ಪನ ಗಡುವು, ಎಮ್ಮೆ, ಶೆಡ್ಡು, ಎಲ್ಲ ಹೇಳಿಕೊಂಡಳು. ಮಾತು ಮುಗಿಸಿ ಕೆಳಗೆ ನೋಡಿದರೆ ಕಾಲ ಸುತ್ತ ಎಸಳು, ಕೇಸರ ಚೆಲ್ಲಿದ್ದವು.

“ಎಲ್ಲಾದರ ಗಂಡು ತಗದ ಬಿಟ್ನೆವ್ವಾ!”

ಆ ಕೂಗಿಗೆ ನಾನು ಓಡಿಹೋದೆ. ಮೊದಲು ನಗು ಬಂತು, ಅವಳ ಮುಖ ನೋಡಿ ಸಂಕಟವಾಯಿತು. ಪ್ಲಾಟಿನಲ್ಲಾದರೆ ಪಕ್ಕದಲ್ಲೇ ಗಂಡು ಸಾಲಿರುತ್ತದೆ. ಕರ್ಜಗಿಯಲ್ಲಿ ಇನ್ನೊಂದು ಪೀಚ್ ಗಿಡ ಎಲ್ಲಿಂದ ತರುವುದು?

ಲಕ್ಕಪ್ಪ ಬಂದು ನೋಡಿದ. ಬೈಯುತ್ತಾನೆಂದುಕೊಂಡೆ. ಅವನು ತಲೆಯೆತ್ತಿ, “ತುದ್ಯಾಗಿನವಕ್ಕ ನಿನ್ನ ಕೈ ಮುಟ್ಟಿಲ್ಲ” ಎಂದ. ಐದೇ ಮೊಗ್ಗು.

ಮರುದಿನ ಅವು ಅರಳಿದ ಮೇಲೆ ತಾನೇ ಸ್ಟೂಲು ಹತ್ತಿ, ಒಂದೊಂದಾಗಿ ಹರಿದು ಕೊಟ್ಟ. ದೇವವ್ವ ಉಸಿರು ಬಿಗಿಹಿಡಿದು ಮಿಕ್ಕ ಹೂಗಳಿಗೆಲ್ಲ ಸವರಿದಳು. ಹದಿನಾಲ್ಕು ಮಿಡಿ ಹಿಡಿದವು. ಮಾರ್ಚಿನ ಝಳಕ್ಕೆ ದಿನಕ್ಕೊಂದು ಉದುರತೊಡಗಿತು. ಬೆಳಗಾಗುತ್ತಲೇ ಎಣಿಸಲು ಹೋಗುವ ಅವಳನ್ನು ನೋಡಿ ನನಗೂ ಊಟ ಸೇರುತ್ತಿರಲಿಲ್ಲ.

ಯುಗಾದಿಯ ದಿನ ಗಿಡದಲ್ಲಿ ಉಳಿದದ್ದು ಒಂದೇ ಕಾಯಿ. ಲಕ್ಕಪ್ಪ ಕೊಡಲಿ ಹಿಡಿದು ಹಿತ್ತಲಿಗೆ ಬಂದ. ದೇವವ್ವ ಗಿಡಕ್ಕೆ ಅಡ್ಡ ನಿಂತಳು.

“ಒಂದ ಉಳದೈತ್ರಿ” ಎಂದಳು.

ಅವನು ಕಾಯಿಯನ್ನು ಬಗ್ಗಿ ನೋಡಿ, ಕೊಡಲಿ ಗೋಡೆಗೆ ಆನಿಸಿದ.

“ಒಂದ ಅಂದ್ರೂ ಕಾಯೀನ. ನಾ ಮುಟ್ಟಂಗಿಲ್ಲ. ನೀನೂ ಮುಟ್ಟಬ್ಯಾಡ.”