ಊರಿಗೆಲ್ಲ ಕೊಮಾದ್ರೆ

ತ್ಲಾಶ್ಕಾಲಾ ಸೀಮೆಯ ನಮ್ಮೂರಿನಲ್ಲಿ ಎಲ್ಲರೂ ಗೌರವದಿಂದ ದೊನ್ಯಾ ಎನ್ನುವ ಪ್ರಿಸ್ಕಾಳ ಜತೆ ಜಗಳವಾಡಿದವರು ಒಬ್ಬರೂ ಸಿಗುವುದಿಲ್ಲ. ಆಕೆ ಸಾಧ್ವಿ ಎಂದಲ್ಲ. ಊರಿನ ಅರ್ಧಕ್ಕರ್ಧ ಹೆಂಗಸರಿಗೆ ಆಕೆ ಕೊಮಾದ್ರೆ. ಪಾದ್ರಿ ತಲೆಗೆ ನೀರು ಹಾಕುವ ಜ್ಞಾನಸ್ನಾನದ ಹೊತ್ತಿಗೆ ಮಗುವನ್ನು ಎತ್ತಿ ಹಿಡಿದವಳು ಮಗುವಿಗೆ ಜ್ಞಾನತಾಯಿ, ಹೆತ್ತವಳಿಗೆ ಕೊಮಾದ್ರೆ; ಅವಳಿಗೆ ಹೆತ್ತವಳೂ ಕೊಮಾದ್ರೆಯೇ. ಇಗರ್ಜಿಯ ಹಳೆಯ ಲ್ಯಾಟಿನ್‌ನಲ್ಲಿ ಜತೆಗೂಡಿ ತಾಯಿಯಾದವಳು ಎಂದರ್ಥ. ದೇವರ ಮುಂದೆ ಕಟ್ಟಿದ ನಂಟು. ಆಮೇಲೆ ಇಬ್ಬರೂ ಬಹುವಚನದಲ್ಲೇ ಮಾತಾಡಬೇಕು, ದನಿ ಏರಿಸಬಾರದು, ಒಬ್ಬಳು ಕೇಳಿದ್ದಕ್ಕೆ ಇನ್ನೊಬ್ಬಳು ಇಲ್ಲ ಅನ್ನಬಾರದು. ಇಷ್ಟು ಪವಿತ್ರವಾದ ಮಾತನ್ನು ಪ್ರಿಸ್ಕಾ ಹಂದಿಮಾಂಸದ ವ್ಯಾಪಾರಕ್ಕೆ ಬಳಸಿಕೊಂಡಿದ್ದಳು. ತೂಕದಲ್ಲಿ ಕಡಿಮೆ ಬಂತೆಂದು ಹೇಳಲು ಯಾವ ಕೊಮಾದ್ರೆಗೆ ಬಾಯಿ ಬರುತ್ತದೆ?

ಗಂಡ ಸತ್ತಾಗ ಅವಳಿಗೆ ಉಳಿದದ್ದು ಒಂದು ತಾಮ್ರದ ಕೊಪ್ಪರಿಗೆ, ಮಾಳಿಗೆಯ ಮೇಲೊಂದು ಮೈಕು. ಬೆಳಕು ಹರಿಯುವ ಮೊದಲೇ ಮೈಕು ಶುರು: ಹುರಿದ ಹಂದಿಯ ತೊಗಲು ಸಿದ್ಧ, ಯಾರದೋ ಹುಟ್ಟುಹಬ್ಬ, ಯಾರದೋ ಕತ್ತೆ ಕಾಣೆ. ಅದರ ಬಾಯಿ ಎದುರುಮನೆಯ ನಮ್ಮ ಮಲಗುವ ಕೋಣೆಗೆ ನೇರ. ನನ್ನ ಹಸುಗೂಸು ರುಬೆನ್ ದಿನವೂ ಬೆಚ್ಚಿ ಎದ್ದು, ಮೈ ನೀಲಿಗಟ್ಟುವಂತೆ ಅಳುತ್ತಿದ್ದ. ಕಿವಿ ಕೆಟ್ಟೀತೋ, ಮಿದುಳು ಬೆಳೆಯದೇ ಹೋದೀತೋ ಎಂದು ಪುಯೆಬ್ಲಾ ನಗರದಲ್ಲಿ ಓದಿ ಬಂದ ನಾನು ಪುಸ್ತಕ ತಿರುವಿಹಾಕಿ ಇನ್ನಷ್ಟು ಹೆದರಿದೆ. ಒಂದು ಬೆಳಿಗ್ಗೆ ಮಗುವನ್ನೆತ್ತಿಕೊಂಡು ಜಗಳಕ್ಕೇ ಹೊರಟೆ.

ನನ್ನ ಮಾತು ಮುಗಿಯುವ ಮುಂಚೆ ಪ್ರಿಸ್ಕಾ ಮಗುವನ್ನು ಈಸಿಕೊಂಡು, ಜ್ಞಾನಸ್ನಾನ ಆಗಿದೆಯಾ ಎಂದು ಕೇಳಿದಳು. ಇನ್ನೂ ಇಲ್ಲವೆಂದೆ.

"ಅದಕ್ಕೇ ಕಣೇ ಹುಡುಗಿ, ಕೂಸು ಬೆಚ್ಚೋದು. ಮೈಕಿನ ಮೇಲೆ ಯಾಕೆ ಹೊರಿಸ್ತೀಯ? ನಾನೇ ಎತ್ಕೊಂಡು ನಿಲ್ತೀನಿ ಬಿಡು. ಬಟ್ಟೆ, ಊಟ ಎಲ್ಲಾ ನಂದೇ."

ಕೊಮಾದ್ರೆಯಾದರೆ ದಾಕ್ಷಿಣ್ಯಕ್ಕಾದರೂ ಮೈಕು ತಗ್ಗಿಸಿಯಾಳು ಎಂದುಕೊಂಡು ಒಪ್ಪಿದೆ. ಸುದ್ದಿ ಕೇಳಿ ನನ್ನತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಓದಿದೋಳು ಅಂತ ಹೆಸರು ಬೇರೆ. ಇನ್ಮೇಲೆ ಅವಳೆದುರು ಕೆಮ್ಮೋ ಹಾಗೂ ಇಲ್ಲ ನೀನು."

ಜ್ಞಾನಸ್ನಾನದ ಮರುದಿನ ನಸುಕಿಗೇ ಮೈಕು ಮೊದಲಿಗಿಂತ ಜೋರಾಗಿ ನನ್ನ ಮಗನ ಹೆಸರನ್ನು ಕೂಗಿತು: ಮುದ್ದು ರುಬೆನ್‌ಗೆ ಜ್ಞಾನತಾಯಿಯ ಶುಭೋದಯ, ಇವತ್ತಿನ ತೊಗಲು ಗರಿಗರಿ. ಆಮೇಲೆ ದಿನವೂ ಅದೇ. ಊರವರು ದಾರಿಯಲ್ಲಿ ನಿಲ್ಲಿಸಿ ನನ್ನ ಭಾಗ್ಯವನ್ನು ಹೊಗಳಿದರು.

ಜಗಳವಾಡುವಂತಿರಲಿಲ್ಲ. ಆದರೆ ಇಲ್ಲ ಅನ್ನಬಾರದೆಂಬ ಕಟ್ಟು ಅವಳಿಗೂ ಇದೆಯಲ್ಲ. ಜೋಳದ ಹಿಟ್ಟಿನ ಬಿಸಿ ಕಡುಬು ತಮಾಲೆ ಕಟ್ಟಿಕೊಂಡು ಹೋಗಿ, ತಲೆ ತಗ್ಗಿಸಿ ಕೇಳಿದೆ:

"ಕೊಮಾದ್ರೆ, ನಿಮ್ಮ ಜ್ಞಾನಪುತ್ರ ನಿದ್ದೆಯಿಲ್ಲದೆ ಸೊರಗ್ತಿದಾನೆ. ಮೈಕಿನ ಬಾಯಿ ಕೊಂಚ ಆಚೆ ತಿರುಗಿಸ್ತೀರಾ?"

ಪ್ರಿಸ್ಕಾ ಹುಬ್ಬು ಗಂಟಿಕ್ಕಿದಳು. ಹಿಂದಿನ ಬೀದಿಯತ್ತ ಒಮ್ಮೆ ನೋಡಿದಳು. ಮುಖ ಸಡಿಲವಾಯಿತು.

"ನೀವು ಕೇಳಿದ್ಮೇಲೆ ಇಲ್ಲ ಅನ್ನೋಕಾಗುತ್ತಾ, ಕೊಮಾದ್ರೆ."

ಏಣಿ ಹತ್ತಿ ಮೈಕನ್ನು ಹಿಂದಿನ ಬೀದಿಗೆ ತಿರುಗಿಸಿದಳು.

ರುಬೆನ್ ಈಗ ಬಿಸಿಲೇರುವ ತನಕ ಮಲಗುತ್ತಾನೆ. ಮೊನ್ನೆ ಹಿಂದಿನ ಬೀದಿಗೆ ಹೊಸದಾಗಿ ಬಂದ ಮೇಷ್ಟ್ರ ಹೆಂಡತಿ, ಅಳುವ ಕೂಸನ್ನೆತ್ತಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ಪ್ರಿಸ್ಕಾಳ ಬಾಗಿಲು ಬಡಿಯುತ್ತಿದ್ದಳು. ಆ ಕೂಸಿಗೆ ಇನ್ನೂ ಜ್ಞಾನಸ್ನಾನವಾಗಿಲ್ಲವೆಂದು ನನಗೆ ಗೊತ್ತಿತ್ತು. ಅವಳ ಮಾತಿಗೆ ಒಪ್ಪಬೇಡಿ ಎಂದು ಕರೆದು ಹೇಳಬಹುದಿತ್ತು. ಮಗ ಎದ್ದಾನು ಎಂದು ಕಿಟಕಿ ಮುಚ್ಚಿದೆ.