ದೂರಿಗೊಂದು ಶಾಲು

ನಮ್ಮ ಓಣಿಯಲ್ಲಿ ದೂರು ಕೊಡಲು ಹೋಗುವವರು ಮೊದಲು ಶಾಲು ಕೊಳ್ಳುತ್ತಾರೆ. ಬಸವಕಲ್ಯಾಣದ ಈ ಭಾಗದಲ್ಲಿ ಚುನಾವಣೆಯಲ್ಲಿ ಆರಿಸಿ ಬಂದವರ ಬಾಗಿಲಿಗೆ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಶಾಲು ಹೊದಿಸಬೇಕು, ಹಾರ ಹಾಕಬೇಕು, ಫೋಟೊಗೆ ನಿಲ್ಲಬೇಕು, ಆಮೇಲೆ ಚಹಾ. ಅವರ ಮನೆಯ ಚಹಾ ಕುಡಿದ ಬಾಯಲ್ಲಿ ದೂರು ಹೇಗೆ ಬಂದೀತು?

ನಮ್ಮ ವಾರ್ಡಿನ ಸದಸ್ಯರನ್ನು ನಾನು ಚಿಕ್ಕಂದಿನಿಂದ ಕಾಕಾ ಎಂದೇ ಕರೆದವಳು. ಅವರು ಕೆಟ್ಟ ಮನುಷ್ಯರಾಗಿದ್ದರೆ ಈ ಬರಹ ಸುಲಭವಾಗುತ್ತಿತ್ತು. ಮೊದಲ ಸಲ ಗೆದ್ದಾಗ ಅವರ ಬಳಿ ಇದ್ದದ್ದು ಒಂದು ಹಳೆಯ ಸ್ಕೂಟರ್ ಮತ್ತು ಊರು ಏಳುವ ಮೊದಲೇ ಓಣಿ ಸುತ್ತುವ ಅಭ್ಯಾಸ. ಮನೆಮನೆಗೆ ನಲ್ಲಿ ಬಂದದ್ದು ಅವರಿಂದ. ಕಸದ ಗುಂಡಿಯಾಗಿದ್ದ ಹಳೆಯ ಬಾವಿಗೆ ಸ್ವತಃ ಇಳಿದು ಹೂಳು ಎತ್ತಿಸಿದವರು ಅವರು. ದನದ ಕೊಟ್ಟಿಗೆಯ ಪಕ್ಕದ ಬಾಡಿಗೆ ಕೋಣೆಯಲ್ಲಿ ನಡೆಯುತ್ತಿದ್ದ ಅಂಗನವಾಡಿಗೆ ಸ್ವಂತ ಕಟ್ಟಡ ತಂದವರೂ ಅವರೇ. ಅಲ್ಲಿನ ಟೀಚರ್ ನನ್ನ ಅವ್ವ. ಕೀಲಿಕೈ ಸಿಕ್ಕ ದಿನ ಅವಳು ಗೋಡೆಗೆ ಕೈಯಿಟ್ಟು ಅತ್ತಿದ್ದಳು.

ಆ ಕಟ್ಟಡ ಓಣಿಯ ತಗ್ಗಿನ ತುದಿಯಲ್ಲಿದೆ. ಅದರ ಬೆನ್ನಿಗೇ ನಾಲಾ, ಮೇಲಿನ ಓಣಿಗಳ ಮಳೆನೀರನ್ನೆಲ್ಲ ಊರ ಹೊರಗೆ ಒಯ್ಯುವ ಕಾಲುವೆ. ವಾಸನೆ ತಡೆಯಲಾರದೆ ನಮ್ಮವರು ಶಾಲು ಹಿಡಿದು ಹೋಗಿ, ಅದನ್ನು ಮುಚ್ಚಿಸಿರೆಂದು ಕೇಳಿಕೊಂಡರು. ಕಾಕಾ ಕಾಂಕ್ರೀಟ್ ಸ್ಲ್ಯಾಬ್ ಹಾಕಿಸಿ ಮುಚ್ಚಿಸಿದರು. ಸ್ಲ್ಯಾಬಿನ ಮೇಲೆ ಚೌಕ ಎದ್ದಿತು. ಕಲ್ಲಿನ ಆಸನಗಳು, ದೀಪದ ಕಂಬಗಳು, ಸಂಜೆಗೊಂದು ಭಜಿ ಗಾಡಿ ಬಂದವು. ಹುಮನಾಬಾದಿನಿಂದ ಜನ ನೋಡಲು ಬಂದರು. ಒಳಗಿಳಿದು ಹೂಳು ತೆಗೆಯಲು ಒಂದು ಕಿಂಡಿಯನ್ನೂ ಬಿಟ್ಟಿಲ್ಲವೆಂದು ಆಗ ಯಾರಿಗೂ ಹೊಳೆಯಲಿಲ್ಲ. ಹೂಳು ಮಾತ್ರ ಸದ್ದಿಲ್ಲದೆ ಸೇರುತ್ತ ಹೋಯಿತು.

ಮರು ಮಳೆಗಾಲದಲ್ಲಿ ಅಂಗನವಾಡಿಯ ಗೋಡೆ ಒಳಗಿನಿಂದ ತೇವ ಹಿಡಿಯಿತು. ಮಕ್ಕಳಿಗಾಗಿ ಬಿಡಿಸಿದ್ದ ಗಿಳಿಯ ಕಾಲು ಮೊದಲು ಕರಗಿತು, ಆಮೇಲೆ ಹೊಟ್ಟೆ. ನೆಲಕ್ಕೆ ಹಾಸಿದ ಫರಸಿ ಕಲ್ಲು ಕಾಲಿಟ್ಟಲ್ಲಿ ಅಲುಗುತ್ತಿತ್ತು; ಸಂದಿಯಿಂದ ಕಪ್ಪು ನೀರು ಇಣುಕಿ ಮತ್ತೆ ಒಳಗೆ ಸರಿಯುತ್ತಿತ್ತು.

"ಟೀಚರ್, ಕೆಳಗ ಯಾರೋ ಗುರ್ ಅನ್ನಾಕತ್ತಾರ" ಎಂದವು ಮಕ್ಕಳು.

"ನಿಮ್ಮಪ್ಪ ಗೊರಕಿ ಹೊಡ್ಯಾಕತ್ತಾನ, ಸುಮ್ಮ ಉಣ್ರಿ" ಎಂದಳು ಅವ್ವ. ಮಕ್ಕಳು ನಕ್ಕವು. ಅವ್ವ ನಗಲಿಲ್ಲ.

ಅವಳೂ ನೆರೆಯ ಹೆಂಗಸರೂ ಕಾಕಾನ ಮನೆಗೆ ಹೋಗಿ ಬಂದರು. ರಜೆಗೆ ಬಂದಿದ್ದ ನಾನು, ಹೇಳಿದಿರಾ ಎಂದು ಅವ್ವನನ್ನು ಕೇಳಿದೆ.

"ಹ್ಯಾಂಗ ಹೇಳೋದು? ಹಾರ ಹಾಕಿ ನಿಂತಿದ್ದಿವಿ. 'ಎಲ್ಲಾ ಆರಾಮ?' ಅಂದ್ರು. 'ಹೌದ್ರಿ' ಅಂದಿವಿ."

"ಶಾಲು ಭಾರಿ ಚಲೋ ಇತ್ತವ್ವ" ಎಂದಳು ಪಕ್ಕದ ಮನೆಯಾಕೆ, "ನನಗೇ ಹೊದ್ಕೋಬೇಕು ಅನಸ್ತು."

ಅಂದು ಎಲ್ಲರೂ ನಕ್ಕೆವು. ಈ ಸಲದ ಮೊದಲ ಮಳೆಗೆ ಕೋಣೆಯ ನಡುವಿನ ಫರಸಿಯೇ ಉಬ್ಬಿ ಎದ್ದಿತು.

ನಾನು ಕಲಬುರಗಿಯಲ್ಲಿ ಎಂ.ಎ. ಮುಗಿಸಿ ಊರಿಗೆ ಬಂದಿದ್ದೆ. ಮಾದರಿ ವಾರ್ಡು ಕಟ್ಟಿದ್ದಕ್ಕೆ ಹುಮನಾಬಾದಿನಲ್ಲಿ ಕಾಕಾನಿಗೆ ಸತ್ಕಾರವಿತ್ತು. ಮುಂದಿನ ದೊಡ್ಡ ಚುನಾವಣೆಗೆ ಅವರ ಹೆಸರು ಓಡಾಡುತ್ತಿತ್ತು. ಬರಿಗೈಯಲ್ಲಿ ಬಸ್ಸು ಹತ್ತಿದೆ. ರಾಜೇಶ್ವರ ದಾಟುವಾಗ ಹಿಂದಿರುಗಿ ನೋಡಿದರೆ, ಕಲ್ಯಾಣದ ಕಡೆ ಹಗಲಲ್ಲೇ ಕತ್ತಲಾಗುತ್ತಿತ್ತು.

ಕಾಕಾ ವೇದಿಕೆಯ ಕೆಳಗೆ, ಮೊದಲ ಸಾಲಿನಲ್ಲಿ ಕುಳಿತಿದ್ದರು. "ಬಾ ಬಾ! ನಮ್ಮ ಓಣಿ ಹುಡುಗಿ ನೋಡ್ರಿ, ಎಂ.ಎ. ಮಾಡ್ಯಾಳ."

"ಕಾಕಾ, ಸ್ಲ್ಯಾಬ್ ತೆಗಸ್ರಿ. ಅಂಗನವಾಡಿ ನೆಲ ಏಳಾಕತ್ತದ."

"ತೆಗಸೂಣವ್ವ. ಮಳಿಗಾಲ ಮುಗೀಲಿ."

"ಮಳಿ ಮುಗದ ಮ್ಯಾಲ ಯಾಕ್ರಿ? ಮಕ್ಕಳು ಈಗ ಕುಂತಾವ."

ಪಕ್ಕದಲ್ಲಿದ್ದವರೊಬ್ಬರು ಕಿಚಾಯಿಸಿದರು: "ಹಾರ ಇಲ್ಲ, ನಮಸ್ಕಾರ ಇಲ್ಲ, ಸೀದಾ ಜಗಳ! ಇದೇ ಕಲಿಸ್ಯಾರೇನವ್ವ ಎಂ.ಎ.ದಾಗ?"

ಸಾಲು ಸಾಲೇ ನಕ್ಕಿತು. ಕಾಕಾ ಎದ್ದು, ತಮ್ಮ ಹೆಗಲ ಶಾಲು ತೆಗೆದು ನನಗೆ ಹೊದಿಸಿದರು. ಚಪ್ಪಾಳೆ ಬಿತ್ತು, ಯಾರೋ ಮೊಬೈಲ್ ಎತ್ತಿ ಹಿಡಿದರು. ಆ ಬಟ್ಟೆಯ ಬಿಸುಪಿನೊಳಗೆ ನನ್ನ ನಾಲಿಗೆ ಥ್ಯಾಂಕ್ಸ್ ಹೇಳಲು ಸಿದ್ಧವಾಗುತ್ತಿರುವುದು ನನಗೇ ತಿಳಿಯಿತು. ಓಣಿಯ ದೂರುಗಳೆಲ್ಲ ಎಲ್ಲಿ ಹೋದವೆಂದು ಆಗ ಅರ್ಥವಾಯಿತು. ಶಾಲು ತೆಗೆದು ಅವರ ಕುರ್ಚಿಯ ಮೇಲಿಟ್ಟೆ.

"ನೀವೇ ಮುಚ್ಚಿಸೀರಿ, ನೀವೇ ತೆಗಸಬೇಕು. ಯಾವತ್ತು ತೆಗಸ್ತೀರಿ, ಅಷ್ಟು ಹೇಳ್ರಿ."

ನಗು ನಿಂತಿತು. ಕಾಕಾ ಕಿಟಕಿಯಾಚೆ, ಪಶ್ಚಿಮಕ್ಕೆ ಕಲ್ಯಾಣದ ಮೇಲೆ ಕಪ್ಪಾಗಿದ್ದ ಆಕಾಶ ನೋಡಿದರು. ಅವರಿಗೆ ಎಲ್ಲವೂ ಗೊತ್ತಿತ್ತು. ನನಗೆ ಭಯವಾದದ್ದು ಆ ಕ್ಷಣದಲ್ಲಿ. ತಿಳಿಯದವರಿಗೆ ತಿಳಿಸಬಹುದು, ತಿಳಿದೂ ಕುಳಿತವರನ್ನು ಏನು ಮಾಡುವುದು?

"ಚೌಕ ಒಡದ್ರ ಈ ಮಂದಿ ಏನಂತಾರ?" ಎಂದರು, ನನಗಷ್ಟೇ ಕೇಳುವಂತೆ. ಮೈಕಿನಲ್ಲಿ ಅವರ ಹೆಸರು ಕರೆದರು. ಅವರು ವೇದಿಕೆ ಹತ್ತಿದರು.

ನಾನು ಹೊರಗೆ ಬರುವಷ್ಟರಲ್ಲಿ ಅವ್ವನ ಫೋನು. "ನೀರು ಒಳಗ ಬಂತು. ಮಕ್ಕಳನ್ನ ಚೌಕದ ಮ್ಯಾಲ ಕುಂದ್ರಿಸೀನಿ, ಅದೊಂದೇ ಎತ್ತರ ಅದ. ಕೆಳಗಿಂದ ಭಾರಿ ಸಪ್ಪಳ ಬರಾಕತ್ತದ. ನಿಮ್ಮ ಕಾಕಾಗ ಕೊಡು."

ವೇದಿಕೆಗೆ ಓಡಿ, ಫೋನನ್ನು ಕಾಕಾನ ಕಿವಿಗೆ ಹಿಡಿದೆ. ಇದೂ ಒಂದು ಸತ್ಕಾರವೆಂದು ಬಗೆದು ಸಭೆ ಚಪ್ಪಾಳೆ ತಟ್ಟಿತು. ಆ ಗದ್ದಲದಲ್ಲಿ ಅವ್ವನ ದನಿ ತೆಳ್ಳಗೆ ಕೇಳುತ್ತಿತ್ತು: "ಹೇಳ್ರಿ, ಯಾವಾಗ ಬರ್ತೀರಿ?" ಕಾಕಾ ಸಭೆಗೆ ಕೈ ಮುಗಿದರು.

ಆ ದಿನ ಮಳೆ ಬೇಗ ನಿಂತಿತು, ಮಕ್ಕಳು ಉಳಿದವು. ಆ ಪುಣ್ಯವೇ ಕಾಕಾನಿಗೆ ನೆಪವೂ ಆಯಿತು. ಸ್ಲ್ಯಾಬನ್ನು ಯಾರೂ ಮುಟ್ಟಲಿಲ್ಲ. ಅವರು ಫರಸಿ ಕೂಡಿಸಿ, ಸುಣ್ಣ ಹೊಡೆಸಿ, ಹೊಸ ಗಿಳಿ ಬರೆಸಿಕೊಟ್ಟರು. ಓಣಿಯವರು ಅದಕ್ಕೂ ಒಂದು ಶಾಲು ತಂದಿಟ್ಟಿದ್ದಾರೆ.

ಅವ್ವ ಆ ಕೋಣೆಯ ಬೀಗ ತೆಗೆಯಲಿಲ್ಲ. ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಕಾಕಾನ ಮನೆಯ ಪಡಸಾಲೆಯಲ್ಲಿ ಕೂರಿಸಿದಳು. "ಸ್ಲ್ಯಾಬ್ ಏಳೂ ತನಕ ಸಾಲಿ ಇಲ್ಲೇರಿ" ಎಂದಳು. ಈಗ ಶಾಲು ಹಿಡಿದು ಬಂದವರು ಮಕ್ಕಳನ್ನು ದಾಟಿಯೇ ಒಳಗೆ ಹೋಗಬೇಕು. ಹಲವರು ಹೊಸ್ತಿಲಲ್ಲೇ ನಿಂತು ಹಿಂದಿರುಗುತ್ತಾರೆ. ಕಾಕಾ ಹಿಂಬಾಗಿಲಿನಿಂದ ಓಡಾಡುತ್ತಿದ್ದಾರೆ.

ಇಂದು ಮತ್ತೆ ಮೋಡ ಕಟ್ಟಿದೆ. ಬೀಗ ಹಾಕಿದ ಕೋಣೆಯ ಕಿಟಕಿಯಿಂದ ಇಣುಕಿ ನೋಡಿದೆ. ಹೊಸ ಗಿಳಿಯ ಕಾಲು ಆಗಲೇ ಕರಗತೊಡಗಿದೆ.