ಉಳಿದರೆ ಉಣ್ಣುವವಳು

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಮೂರನೇ ವರ್ಷ. ಹೈದರಾಬಾದ್ ರಾಜ್ಯದ ಹೆಲ್ತ್ ವಿಸಿಟರ್ ಆಗಿ ನನ್ನನ್ನು ಕಮಲಾಪುರಕ್ಕೆ ಹಾಕಿದ್ದರು. ವಾರಕ್ಕೊಮ್ಮೆ, ಸಂತೆಯ ದಿನ, ಕಲಬುರಗಿಯಿಂದ ಬಸ್ಸಿನಲ್ಲಿ ಹೋಗಿ ಬಸುರಿಯರ ಮನೆ ತಿರುಗುವುದು, ಕಣ್ಣಿನ ಕೆಳರೆಪ್ಪೆ ಎಳೆದು ಮೈಯಲ್ಲಿ ರಕ್ತ ಎಷ್ಟಿದೆಯೆಂದು ಅಂದಾಜು ಮಾಡುವುದು, ಏನು ಉಣ್ಣಬೇಕೆಂದು ಹೇಳುವುದು ನನ್ನ ಕೆಲಸ. ಸರ್ಕಾರ ಬದಲಾಗಿದ್ದರೂ ನನ್ನ ರಿಜಿಸ್ಟರ್ ಬದಲಾಗಿರಲಿಲ್ಲ. ಅದರ ಅಂಕಣಗಳು ಇನ್ನೂ ಉರ್ದುವಿನಲ್ಲೇ ಇದ್ದವು. ಹೇಳಿದ್ದನ್ನು ಮನೆಯವರು ಪಾಲಿಸಿದ್ದರೆ ಕೊನೆಯಲ್ಲಿ ‘ಅಮಲ್ ಹುವಾ’ ಎಂದು ಬರೆಯಬೇಕು. ನಾಗಮ್ಮನ ಹೆಸರಿನ ಮುಂದೆ ನಾನು ಅದನ್ನು ಹನ್ನೊಂದು ಸಲ ಬರೆದೆ.

ಬಾಳೆತೋಟದವರ ಸೊಸೆ ನಾಗಮ್ಮ, ನಾಲ್ಕನೇ ಬಸುರಿ. ಮೊದಲ ದಿನ ರೆಪ್ಪೆ ಎಳೆದಾಗ ಒಳಗೆ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಅನೀಮಿಯಾ, ಅಂದರೆ ರಕ್ತಹೀನತೆ. ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ಇವಳು ಉಳಿಯುವುದಿಲ್ಲ ಎಂದು ಅತ್ತೆ ಶಾಂತಬಾಯಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಕಬ್ಬಿಣಾಂಶದ ಗುಳಿಗೆ ಕೊಟ್ಟೆ. ದುಬಾರಿಯದೇನೂ ಬೇಡ, ದಿನಾ ಪುಂಡಿ ಸೊಪ್ಪಿನ ಪಲ್ಯ, ಮೊಳಕೆ ಬಂದ ಹೆಸರುಕಾಳು, ಶೇಂಗಾ-ಬೆಲ್ಲದ ಉಂಡೆ ಮಾಡಿ ಎಂದೆ.

ಶಾಂತಬಾಯಿ ಕೆಟ್ಟವಳಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಪ್ರತಿ ಭೇಟಿಯಲ್ಲೂ ನನ್ನನ್ನು ಒಲೆಯ ಹತ್ತಿರ ಕರೆದೊಯ್ದು ಮುಚ್ಚಳ ತೆಗೆದು ತೋರಿಸುತ್ತಿದ್ದಳು.

“ನೋಡ್ರಿ ಬಾಯಿ, ನೀವ್ ಹೇಳಿದ್ದೆಲ್ಲಾ ಮಾಡೀನಿ. ಒಂದ್ ದಿನಾನೂ ತಪ್ಪಿಸಿಲ್ಲ.”

ಬೆಳ್ಳುಳ್ಳಿ ಒಗ್ಗರಣೆಯ ಘಮಕ್ಕೆ ನನಗೇ ಬಾಯಲ್ಲಿ ನೀರೂರುತ್ತಿತ್ತು. ಅಮಲ್ ಹುವಾ. ಆದರೂ ರೆಪ್ಪೆಗೆ ಕೆಂಪು ಬರಲಿಲ್ಲ. ಹೊಟ್ಟೆ ಕೆಡುತ್ತದೆಂದು ನಾಗಮ್ಮ ಗುಳಿಗೆ ಬಿಟ್ಟಿದ್ದಳು. ಊಟವಾದರೂ ಕೈಹಿಡಿದೀತು ಎಂದು ನಾನು ಕಾಯುತ್ತಿದ್ದೆ.

ಎಂಟನೇ ತಿಂಗಳಲ್ಲಿ ಅವಳು ತೋಟದಲ್ಲೇ ಕುಸಿದಳು. ಕಲಬುರಗಿಯ ಆಸ್ಪತ್ರೆಗೆ ತಂದರು. ಕನಿಷ್ಠ ಹತ್ತು ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ ನಾಲ್ಕೇ ಗ್ರಾಂ ಇತ್ತು. ಮಂಚದ ಪಕ್ಕ ಕೂತು ಕೇಳಿದೆ:

“ಖರೇ ಹೇಳವಾ, ಪಲ್ಯ ಉಣ್ತಿದ್ದೇನು?”

“ಉಳದ್ರ ಉಣ್ತಿದ್ದೆ ರೀ. ಅತ್ತಿ ಭಾಳ ಚಲೋ ಮಾಡ್ತಿದ್ರು. ಉಳೀತಿರಲಿಲ್ಲ.”

ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಅತ್ತೆ, ಕಡೆಗೆ ಸೊಸೆ. ಅವಳ ಪಾಲಿಗೆ ರೊಟ್ಟಿ, ಖಾರ. ನನ್ನ ಪಥ್ಯದಿಂದ ಆ ಮನೆಯ ಗಂಡಸರು ಗುಂಡುಕಲ್ಲಿನ ಹಾಗಿದ್ದರು. ಎಂಥ ಮೂರ್ಖಳು ನಾನು! ಹನ್ನೊಂದು ವಾರ ಒಲೆಯ ಮೇಲಿನ ಗಡಿಗೆ ನೋಡಿದೆ, ಅವಳು ಉಣ್ಣುವ ಗಂಗಾಳ ಒಂದು ದಿನವೂ ನೋಡಲಿಲ್ಲ.

ಸಂಜೆ ಗಂಡ ತಮ್ಮ ತೋಟದ ಕೆಂಪು ಬಾಳೆಹಣ್ಣು ತಂದ. ನಾಗಮ್ಮ ಒಂದನ್ನು ಸುಲಿದು, “ನೀವ್ ಉಂಡೀರೇನ್ರಿ?” ಎಂದು ಅವನಿಗೇ ಕೊಟ್ಟಳು. ಅವನು ತಿಂದ.

ಮರುದಿನ ಬೆಳಿಗ್ಗೆ ಹೆರಿಗೆಯಾಯಿತು. ಮಗು ಉಳಿಯಲಿಲ್ಲ. ರಕ್ತಸ್ರಾವ ನಿಲ್ಲಲಿಲ್ಲ, ಹೊಂದುವ ರಕ್ತ ಸಿಗುವ ಮೊದಲೇ ಅವಳೂ ಹೋದಳು.

ನಾಗಮ್ಮನ ದಿನದ ಕಾರ್ಯಕ್ಕೆ ಕಮಲಾಪುರಕ್ಕೆ ಹೋಗಿದ್ದೆ. ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುವುದು ರೂಢಿ. ಶಾಂತಬಾಯಿ ಒಲೆ ಹೊತ್ತಿಸದೆ ಕೂತಿದ್ದಳು.

“ಅಕಿಗೆ ಏನ್ ಸೇರ್ತಿತ್ತು ಬಾಯಿ? ಮನ್ಯಾಗ ಯಾರಿಗೂ ಗೊತ್ತಿಲ್ಲ. ನಿಮಗೇನರ ಹೇಳಿದ್ಳೇನ್ರಿ?”

ನಾನೂ ಕೇಳಿರಲಿಲ್ಲ. ಕಡೆಗೆ ಪುಂಡಿ ಪಲ್ಯವನ್ನೇ ಮಾಡಿದರು. ಎಡೆ ಆಗುವವರೆಗೆ ಗಂಡಸರು ಹಸಿದು ಕಾದರು. ಆ ಮನೆಯಲ್ಲಿ ನಾಗಮ್ಮನಿಗೆ ಮೊದಲು ಬಡಿಸಿದ್ದು ಅಂದೇ.

ಉಣ್ಣುವ ಸರದಿ ಬದಲಾಗದೆ ಯಾವ ಪಥ್ಯವೂ ಬಸುರಿಯ ಹೊಟ್ಟೆ ಸೇರುವುದಿಲ್ಲ ಎಂದು ನನಗೆ ನೌಕರಿ ಕಲಿಸಿತು. ಆಮೇಲೆ ಹೋದ ಮನೆಗಳಲ್ಲೆಲ್ಲ ‘ಏನು ಮಾಡಿದಿರಿ’ ಎನ್ನುವುದನ್ನು ಬಿಟ್ಟು ‘ಮೊದಲು ಯಾರು ಉಂಡಿರಿ’ ಎಂದು ಕೇಳಿದೆ. ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು, ಅಷ್ಟೇ. ಅವರನ್ನು ಬಯ್ಯಲು ನನಗೆ ಮುಖವಿಲ್ಲ. ನಾಗಮ್ಮನ ಎಡೆಯ ದಿನವೇ ಕಲಬುರಗಿಯ ನನ್ನ ಮನೆಗೆ ಮರಳಿ, ಮಾವನಿಗೆ, ಗಂಡನಿಗೆ, ಮಕ್ಕಳಿಗೆ ಬಡಿಸಿದ ಮೇಲೆ, ತಳದಲ್ಲಿ ಉಳಿದ ಸಾರಿಗೆ ನಾನೂ ರೊಟ್ಟಿ ಮುರಿದು ಹಾಕಿಕೊಂಡೆ.